ನೋಟಕ್ಕೆಷ್ಟು, ಬಾಳಿಕೆಗೆಷ್ಟು: ಕಾಸರಗೋಡಿನ ಮನೆಗೊಂದು ಸೆಡಾನ್ ಆರಿಸುವ ಬಗೆ

ಸೆಡಾನೇ ಬೇಕು ಅನ್ನುವವರಲ್ಲಿ ಹೆಚ್ಚಿನವರಿಗೆ ಅದರ ರೂಪವೇ ಮೊದಲ ಕಾರಣ. ತಗ್ಗಿನ ನಿಲುವು, ಇಳಿಜಾರಾಗಿ ಹಿಂದಕ್ಕೆ ಹೋಗುವ ಮಾಡು, ಬೇರೆಯಾಗಿ ಕಾಣುವ ಡಿಕ್ಕಿ. ಎಸ್‌ಯುವಿಗಳೇ ತುಂಬಿದ ರಸ್ತೆಯಲ್ಲಿ ಒಂದು ಒಳ್ಳೆ ಸೆಡಾನ್ ಹಾದುಹೋದರೆ ಈಗಲೂ ಜನ ತಿರುಗಿ ನೋಡುತ್ತಾರೆ. ಚಂದ ನೋಡಿ ಕಾರು ತೆಗೆದುಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಇಷ್ಟೊಂದು ಲಕ್ಷ ಹಾಕಿ, ಮನಸ್ಸಿಗೆ ಹಿಡಿಸದ ಕಾರನ್ನು ಹತ್ತು ವರ್ಷ ಅಂಗಳದಲ್ಲಿ ನಿಲ್ಲಿಸಿಕೊಳ್ಳುವುದೂ ಕಷ್ಟವೇ ಅಲ್ವಾ?

ಆದರೆ ಕಾರಿನ ಚಂದದಲ್ಲಿ ಎರಡು ಬಗೆ ಇದೆ. ಒಂದು ಆಕಾರದ್ದು: ಉದ್ದ, ಎತ್ತರ, ಚಕ್ರಗಳ ಅಂತರ, ಗಾಜಿನ ಗೆರೆ ಇವೆಲ್ಲ ಹದವಾಗಿ ಕೂಡಿ ಬಂದದ್ದು. ಇನ್ನೊಂದು ಮೇಲಿಂದ ಸೇರಿಸಿದ್ದು: ಕ್ರೋಮ್ ಪಟ್ಟಿ, ಮುಂದೆ ಈ ಬದಿಯಿಂದ ಆ ಬದಿಗೆ ಎಳೆದ ಎಲ್‌ಇಡಿ ಗೆರೆ, ದೊಡ್ಡ ಅಲಾಯ್ ಚಕ್ರ, ಸನ್‌ರೂಫ್, ಹೊಳೆಯುವ ಕಪ್ಪು ಪ್ಲಾಸ್ಟಿಕ್. ಆಕಾರ ಹಳತಾಗುವುದು ನಿಧಾನ. ಅಲಂಕಾರ ಬೇಗ ಹಳತಾಗುತ್ತದೆ, ಕೆಟ್ಟರೆ ದುಡ್ಡನ್ನೂ ಕೇಳುತ್ತದೆ. ಹಾಗಾಗಿ ಒಂದೊಂದು ಅಲಂಕಾರವನ್ನು ನೋಡುವಾಗಲೂ ಇದು ಎಂಟನೇ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ಯೋಚಿಸಿ.

ನಮ್ಮ ಕಡೆ ಈ ಪ್ರಶ್ನೆ ಸುಮ್ನೆ ಅಲ್ಲ. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬರುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಕಡಲಿನ ಉಪ್ಪು ಗಾಳಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕೆಂಪು ಮಣ್ಣು, ತೋಟದ ಮನೆಗೆ ಇಳಿಯುವ ಕಡಿದಾದ ದಾರಿ. ಒಂದೇ ದಿನದಲ್ಲಿ ಮಣ್ಣು ದಾರಿ, ಹಂಪ್ ತುಂಬಿದ ಒಳರಸ್ತೆ, ತಲಪಾಡಿವರೆಗೆ ಆರು ಪಥದ ಹೆದ್ದಾರಿ, ಆಮೇಲೆ ಮಂಗಳೂರಿನ ಟ್ರಾಫಿಕ್ ಎಲ್ಲವನ್ನೂ ಕಾರು ನೋಡಬೇಕು.

ಶೋರೂಮಿಗಿಂತ ಮೊದಲು ಹಳೆ ಕಾರು ನೋಡಿ

ಹೊಸ ಕಾರು ಎಲ್ಲವೂ ಚಂದವೇ. ಅದಕ್ಕೇ ಮೊದಲು ನೋಡಬೇಕಾದದ್ದು ಅದೇ ಕಂಪನಿಯ ಆರೆಂಟು ವರ್ಷ ಹಳೆಯ ಸೆಡಾನ್‌ಗಳನ್ನು. ಒಂದು ದೊಡ್ಡ ಮದುವೆಯ ದಿನ ಹಾಲ್‌ನ ಪಾರ್ಕಿಂಗಿನಲ್ಲಿ, ಅಥವಾ ಮಧೂರು ದೇವಸ್ಥಾನಕ್ಕೆ ಹೋದಾಗ ಹೊರಗೆ ನಿಂತ ವಾಹನಗಳ ನಡುವೆ ಅರ್ಧ ಗಂಟೆ ತಿರುಗಾಡಿ. ಇಲ್ಲಿನ ಮಳೆ, ಉಪ್ಪು, ಬಿಸಿಲು ಎಲ್ಲ ಅನುಭವಿಸಿದ ಕಾರುಗಳು ಒಂದೇ ಕಡೆ ಸಿಗುತ್ತವೆ.

ಹೆಡ್‌ಲೈಟಿನ ಹೊರಕವಚ ನೋಡಿ. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ರಕ್ಷಣೆಯ ಪದರ ಬಿಸಿಲಿಗೆ ಹೋದ ಮೇಲೆ ಹಳದಿಯಾಗಿ ಮಬ್ಬಾಗುತ್ತದೆ. ಎಲ್ಲ ಕಾರಲ್ಲೂ ಒಂದೇ ವೇಗದಲ್ಲಿ ಆಗುವುದಿಲ್ಲ, ಅದನ್ನೇ ಗಮನಿಸಬೇಕು. ಕ್ರೋಮ್ ಪಟ್ಟಿಯ ಮೇಲೆ ಸಣ್ಣ ಗುಳ್ಳೆ ಎದ್ದಿದೆಯಾ? ಕಡಲ ಬದಿಯ ಕಾರಿನಲ್ಲಿ ಅದು ಬೇಗ ಏಳುತ್ತದೆ. ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗಿದೆಯಾ? ಮಾಡಿನ ಮೇಲೆ ಪೈಂಟಿನ ಹೊರಪದರ ಎದ್ದು ಹೋಗಿದೆಯಾ? ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕಿನ ಗೆರೆ ಇದೆಯಾ?

ಮಾಲೀಕರು ಅಲ್ಲೇ ಇದ್ದರೆ ಮಾತಾಡಿಸಿ. "ಎಷ್ಟು ವರ್ಷ ಆಯ್ತು, ಯಾವುದಕ್ಕೆ ಜಾಸ್ತಿ ಖರ್ಚಾಯ್ತು?" ಅಂದರೆ ಸಾಕು. ನಮ್ಮ ಕಡೆಯವರು ಕಾರಿನ ವಿಷಯ ಹೇಳಲು ಹಿಂಜರಿಯುವುದಿಲ್ಲ. ಮೈಲೇಜಿನ ಪ್ರಶ್ನೆಗಿಂತ ಈ ಪ್ರಶ್ನೆಗೆ ಸಿಗುವ ಉತ್ತರ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರೂಪ ಎಷ್ಟು ಬೇಗ ಬದಲಾಗುತ್ತದೆ ಅನ್ನುವುದನ್ನೂ ಇಲ್ಲೇ ನೋಡಬಹುದು. ಹ್ಯುಂಡೈ ವರ್ನಾ 2017ರಲ್ಲಿ ಹೊಸ ರೂಪದಲ್ಲಿ ಬಂತು, 2020ರಲ್ಲಿ ಮುಖ ಬದಲಾಯಿತು, 2023ರಲ್ಲಿ ಪೂರ್ತಿ ಬೇರೆಯೇ ಕಾರಾಯಿತು. ಹೊಂಡಾ ಸಿಟಿಯ ಐದನೇ ತಲೆಮಾರು 2020ರಲ್ಲಿ ಬಂದು, 2023ರಲ್ಲಿ ಮುಖ ತಿದ್ದಿಸಿಕೊಂಡಿತು. ಅಂದರೆ ಮೂರು ವರ್ಷಕ್ಕೊಮ್ಮೆ ಬದಲಾವಣೆ. 'ಎಲ್ಲಕ್ಕಿಂತ ಹೊಸ ರೂಪ' ಅನ್ನುವ ಖುಷಿ ನಿಮ್ಮ ಸಾಲ ತೀರುವ ಮೊದಲೇ ಮುಗಿದಿರುತ್ತದೆ. ಮಾರುತಿ ಸಿಯಾಜ್ ಇದಕ್ಕೆ ವಿರುದ್ಧ. 2014ರಲ್ಲಿ ಬಂದು 2018ರಲ್ಲಿ ಸ್ವಲ್ಪ ತಿದ್ದುಪಡಿ ಕಂಡು 2025ರಲ್ಲಿ ನಿಲ್ಲುವವರೆಗೂ ಹೆಚ್ಚು ಕಡಿಮೆ ಅದೇ ಆಕಾರ. ಕಣ್ಣು ಕುಕ್ಕುವ ಕಾರೇನೂ ಅಲ್ಲ. ಆದರೆ ಇವತ್ತು ಹಳೆಯದೊಂದು ಎದುರು ಬಂದರೂ ಸಭ್ಯವಾಗಿ ಕಾಣುತ್ತದೆ. ಗೆರೆಗಳು ಕಡಿಮೆ ಇದ್ದರೆ ಹಳತಾಗುವುದೂ ಕಡಿಮೆ ಅಂತ ನನಗೆ ಅನ್ನಿಸುವುದು ಇಂಥದನ್ನು ನೋಡಿಯೇ.

ಮನೆಯ ದಾರಿಗೆ ಕಾರಿನ ಅಳತೆ

ಮುಂದಿನ ಹೆಜ್ಜೆಗೆ ಒಂದು ಟೇಪು ಸಾಕು. ವರ್ನಾ, ಹೊಂಡಾ ಸಿಟಿಯಂಥ ಸೆಡಾನ್‌ಗಳು ಸುಮಾರು ನಾಲ್ಕೂವರೆ ಮೀಟರ್ ಉದ್ದ ಇರುತ್ತವೆ. ಪೋರ್ಚಿನ ಉದ್ದ ಅಳೆಯಿರಿ, ಗೇಟಿನ ಬಳಿ ತಿರುಗಿಸಲು ಜಾಗ ಇದೆಯಾ ನೋಡಿ. ಡಿಕ್ಕಿ ಮಳೆಗೆ ಹೊರಗೇ ಉಳಿಯುವುದಾದರೆ ಶೀಟು ಮುಂದಕ್ಕೆ ಎಳೆಯುವ ಖರ್ಚೂ ಲೆಕ್ಕಕ್ಕೆ ಬರಲಿ.

ನೆಲದಿಂದ ಎತ್ತರದ ವಿಷಯದಲ್ಲಿ ಜಾಗ್ರತೆ ಬೇಕು. ಹೊಂಡಾ ಸಿಟಿಗೆ 165 ಮಿಲಿಮೀಟರ್, ಫೋಕ್ಸ್‌ವ್ಯಾಗನ್ ವರ್ಟಸ್‌ಗೆ 179 ಅಂತ ಹೇಳುವುದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತು, ಡಿಕ್ಕಿಯಲ್ಲಿ ತೆಂಗಿನಕಾಯಿಯ ಗೋಣಿ ಇಟ್ಟಾಗ ಹಿಂಬದಿ ಎಷ್ಟು ಕೂರುತ್ತದೆ ಅನ್ನುವುದೇ ನಮಗೆ ಬೇಕಾದ್ದು. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಅಂತರ ಜಾಸ್ತಿ ಇದ್ದಷ್ಟೂ ಹಂಪಿನ ಮೇಲೆ ಹೊಟ್ಟೆ ತಾಗುವುದು ಜಾಸ್ತಿ. ಸಿಟಿಯಲ್ಲಿ ಈ ಅಂತರ 2600 ಮಿಲಿಮೀಟರ್, ವರ್ನಾದಲ್ಲಿ 2670. ಉದ್ದದ ಅಂತರ ನೋಟಕ್ಕೂ ಹಿಂದಿನ ಸೀಟಿನ ಕಾಲಿಗೂ ಒಳ್ಳೆಯದೇ, ನಿಮ್ಮೂರಿನ ಹಂಪಿಗೆ ಹೇಗೆ ಅಂತ ಕೇಳಿಕೊಳ್ಳಬೇಕು. ಮುಂದಿನ ಬಂಪರಿನ ತುಟಿ ತುಂಬ ಕೆಳಗೆ ಬಂದಿದ್ದರೆ ತೋಟದ ಇಳಿಜಾರಿನ ಬುಡದಲ್ಲಿ ಮೊದಲು ತಾಗುವುದು ಅದೇ.

ಟೆಸ್ಟ್ ಡ್ರೈವ್ ಮನೆಯ ದಾರಿಯಲ್ಲೇ ಬೇಕು ಅಂತ ಹಟ ಹಿಡಿಯಿರಿ. ಶೋರೂಮಿನವರು ಹೆದ್ದಾರಿಯಲ್ಲಿ ಎರಡು ಕಿಲೋಮೀಟರ್ ಓಡಿಸಿ ಕರೆತರುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮನೆಯವರೆಲ್ಲ ಹತ್ತಿ, ಎಸಿ ಹಾಕಿ, ನಿಮ್ಮ ಏರಿನ ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಆಮೇಲೆ ಕಿಟಕಿ ಏರಿಸಿ, ಹಾಡು ನಿಲ್ಲಿಸಿ, ಹೊಂಡದ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗಿ. ಡ್ಯಾಶ್‌ಬೋರ್ಡಿನಿಂದ, ಬಾಗಿಲಿನ ಒಳಗಿಂದ ಟಕಟಕ ಸದ್ದು ಹೊಸ ಕಾರಿನಲ್ಲೇ ಬಂದರೆ ಮುಂದೆ ಅದು ಕಡಿಮೆಯಾಗುವುದಿಲ್ಲ.

ಚಕ್ರ ದೊಡ್ಡದಾದಷ್ಟೂ ರಬ್ಬರ್ ತೆಳು

ಟೈರಿನ ಮೇಲೆ 185/65 ಆರ್15 ಅಂತ ಬರೆದಿರುತ್ತದೆ. 185 ಅಂದರೆ ಮಿಲಿಮೀಟರಿನಲ್ಲಿ ಅಗಲ. 65 ಅಂದರೆ ಟೈರಿನ ಪಕ್ಕದ ಗೋಡೆ ಆ ಅಗಲದ ಶೇಕಡಾ 65. ಗುಣಿಸಿದರೆ 120 ಮಿಲಿಮೀಟರ್. ಕೊನೆಯ 15 ಅಂದರೆ ಚಕ್ರದ ಅಳತೆ, ಇಂಚಿನಲ್ಲಿ. ಹಾಗೆಯೇ 185/55 ಆರ್16 ಆದರೆ 102. ಯಾರಾದರೂ ನೋಟಕ್ಕೆ ಅಂತ 205/45 ಆರ್17 ಹಾಕಿಸಿದರೆ 92ಕ್ಕೆ ಇಳಿಯುತ್ತದೆ. ಹೊಂಡಕ್ಕೆ ಬಿದ್ದಾಗ ಮೊದಲ ಪೆಟ್ಟು ತಿನ್ನುವುದು ಈ ರಬ್ಬರ್ ಗೋಡೆ. ಅದು ತೆಳುವಾದರೆ ಪೆಟ್ಟು ಅಲಾಯ್‌ಗೆ, ಅಲ್ಲಿಂದ ಶಾಕ್ ಅಬ್ಸಾರ್ಬರ್, ಬುಶ್, ಬೇರಿಂಗ್‌ಗಳಿಗೆ ಹೋಗುತ್ತದೆ. ಮಳೆಗಾಲದಲ್ಲಿ ಹೊಂಡ ನೀರು ತುಂಬಿ ಕಾಣುವುದೂ ಇಲ್ಲ. ಟೈರಿನ ಬದಿ ಉಬ್ಬಿದರೆ ಪಂಕ್ಚರ್ ಅಂಗಡಿಯಲ್ಲಿ ರಿಪೇರಿ ಇಲ್ಲ, ಹೊಸದೇ ಬೇಕು.

ನನ್ನ ಸಲಹೆ ನೇರ: 15 ಇಂಚಿನ ಚಕ್ರದ ವೇರಿಯಂಟ್ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. 16 ಬಂದರೂ ಅಡ್ಡಿಯಿಲ್ಲ. ಅದಕ್ಕಿಂತ ಮೇಲೆ ನಮ್ಮ ಒಳರಸ್ತೆಗಳಿಗೆ ಬೇಡ.

ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ

ಇಳಿಜಾರಿನ ಮಾಡು ಎಲ್ಲಕ್ಕಿಂತ ಚಂದ ಕಾಣುವ ಗೆರೆ. ಅದರ ಬೆಲೆ ತೆರುವವರು ಹಿಂದೆ ಕೂರುವವರು. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಅವರಿಲ್ಲದೆ ಕಾರು ನಿಶ್ಚಯ ಮಾಡಲೇಬೇಡಿ. ಸೀರೆ ಉಟ್ಟುಕೊಂಡೇ ಬರಲಿ. ಮೊದಲು ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳುವಾಗ ತಲೆ ಎಲ್ಲಿಗೆ ಬರುತ್ತದೆ ನೋಡಿ. ಇಳಿಯುವಾಗ ಇನ್ನೂ ಚೆನ್ನಾಗಿ ಗಮನಿಸಿ.

"ಹೇಗಿದೆ ಅಮ್ಮ?" ಅಂದರೆ ಶೋರೂಮಿನವರ ಎದುರು "ಒಳ್ಳೇದುಂಟು" ಅಂದುಬಿಡುತ್ತಾರೆ. ಮನೆಗೆ ಬಂದ ಮೇಲೆ ಕೇಳಿ. "ಕೂರ್ಲಿಕ್ಕೆ ಸುಖ ಮಗಾ, ಏಳುವಾಗ ಹಿಡ್ಕೊಳ್ಳಲಿಕ್ಕೆ ಎಂತದೂ ಇಲ್ಲ" ಅನ್ನುವ ಮಾತು ಆಗ ಬರುತ್ತದೆ. ಸೀಟಿನ ಎತ್ತರ, ಬಾಗಿಲಿನ ಮೇಲಂಚು, ಹಿಡಿಕೆ, ಹೊಸ್ತಿಲಿನ ಅಗಲ ಈ ನಾಲ್ಕನ್ನು ಆಮೇಲೆ ಯಾವ ಗ್ಯಾರೇಜಿನಲ್ಲೂ ಸರಿ ಮಾಡಲಾಗುವುದಿಲ್ಲ. ಹೀಗೆ ನೋಡಿದಾಗ ಯಾವ ಸೆಡಾನೂ ಹಿರಿಯರಿಗೆ ಒಗ್ಗದಿದ್ದರೆ, ಎತ್ತರದ ಸೀಟಿನ ಬೇರೆ ಬಗೆಯ ಕಾರನ್ನೇ ನೋಡುವುದು ಸರಿ.

ಸನ್‌ರೂಫ್ ಮತ್ತು ಉಳಿದ ಅಲಂಕಾರ

ಸನ್‌ರೂಫ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಮಕ್ಕಳು ಕೇಳುವುದು ಅದನ್ನೇ. ಸನ್‌ರೂಫಿನ ರಬ್ಬರ್ ಪೂರ್ತಿ ನೀರು ತಡೆಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಅಂಚಿನಿಂದ ಸ್ವಲ್ಪ ನೀರು ಒಳಗೆ ಇಳಿಯುತ್ತದೆ ಅಂತ ಲೆಕ್ಕ ಹಾಕಿಯೇ ಅದನ್ನು ಮಾಡಿರುತ್ತಾರೆ. ಆ ನೀರು ಗಾಜಿನ ಸುತ್ತಲಿನ ತೊಟ್ಟಿಯಲ್ಲಿ ಸೇರಿ, ಮೂಲೆಗಳಲ್ಲಿರುವ ಸಪೂರ ಟ್ಯೂಬುಗಳ ಮೂಲಕ ಕಂಬಗಳ ಒಳಗಿಂದ ಕೆಳಗೆ ಹೋಗುತ್ತದೆ. ಹಲಸಿನ ಮರದ ಅಡಿಯಲ್ಲಿ ನಿಲ್ಲುವ ಕಾರಿನಲ್ಲಿ ಕಸ, ಹೂವು, ಧೂಳು ಸೇರಿ ಈ ಟ್ಯೂಬಿನ ಬಾಯಿ ಕಟ್ಟುತ್ತದೆ. ಆಮೇಲೆ ಬರುವ ಜೋರು ಮಳೆಯ ನೀರು ಒಳಗಿನ ಮಾಡಿನ ಬಟ್ಟೆಗೆ, ಕಾಲಿನಡಿಯ ಕಾರ್ಪೆಟ್ಟಿಗೆ ಇಳಿಯುತ್ತದೆ. ಕಾರ್ಪೆಟ್ಟಿನ ಕೆಳಗೆ ವೈರಿಂಗ್ ಇರುತ್ತದೆ. ವಾಸನೆ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಸನ್‌ರೂಫ್ ಬೇಕೇ ಬೇಕು ಅಂದರೆ ತೆಗೆದುಕೊಳ್ಳಿ, ಆದರೆ ಪ್ರತಿ ಮೇ ತಿಂಗಳಲ್ಲಿ ಒಂದು ಕೆಲಸ ತಪ್ಪಿಸಬೇಡಿ. ಗಾಜು ತೆರೆದು, ತೊಟ್ಟಿಯನ್ನು ಬಟ್ಟೆಯಿಂದ ಒರೆಸಿ, ಮೂಲೆಯ ರಂಧ್ರಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ಅದು ಕಾರಿನ ಕೆಳಗೆ ಬೀಳುತ್ತದಾ ನೋಡಿ. ಬೀಳದಿದ್ದರೆ ಗ್ಯಾರೇಜಿಗೆ ಒಯ್ಯಿರಿ. ಕಂಪ್ರೆಸರಿನ ಗಾಳಿಯನ್ನು ಜೋರಾಗಿ ನುಗ್ಗಿಸಿದರೆ ಒಳಗೆ ಟ್ಯೂಬೇ ಕಳಚಿಕೊಳ್ಳಬಹುದು.

ದೀಪಗಳ ವಿಷಯ. ಹಳೆ ಬಗೆಯ ಹ್ಯಾಲೊಜನ್ ಬಲ್ಬ್ ಹೋದರೆ ಕುಂಬಳೆಯ ಅಂಗಡಿಯಲ್ಲೂ ಸಿಗುತ್ತದೆ. ಎಲ್‌ಇಡಿ ಬಾಳುವುದು ಜಾಸ್ತಿ, ಬೆಳಕೂ ಚೆನ್ನಾಗಿದೆ, ಆದರೆ ಎಷ್ಟೋ ಕಾರುಗಳಲ್ಲಿ ಬಲ್ಬ್ ಮಾತ್ರ ಬದಲಿಸಲು ಬರುವುದಿಲ್ಲ, ಇಡೀ ದೀಪವನ್ನೇ ಬದಲಿಸಬೇಕು. ಕೊಳ್ಳುವ ಮೊದಲು ಪಾರ್ಟ್ಸ್ ಕೌಂಟರಿಗೆ ಹೋಗಿ ನಾಲ್ಕು ವಸ್ತುಗಳ ಬೆಲೆ ಬರೆಸಿಕೊಳ್ಳಿ: ಒಂದು ಹೆಡ್‌ಲೈಟ್, ಮುಂದಿನ ಬಂಪರ್, ಬದಿಯ ಕನ್ನಡಿ, ಮುಂದಿನ ಗಾಜು. ಎರಡು ಕಾರುಗಳ ನಡುವೆ ತೂಗಾಡುತ್ತಿದ್ದರೆ ಈ ಒಂದು ಚೀಟಿ ತುಂಬ ಸಹಾಯ ಮಾಡುತ್ತದೆ.

ಎಸಿಗೆ ತಿರುಗಿಸುವ ಗುಂಡಿ ಇದ್ದರೆ ರಸ್ತೆಯಿಂದ ಕಣ್ಣು ತೆಗೆಯದೆ ತಿರುಗಿಸಬಹುದು. ಬರೀ ಗಾಜಿನ ಪಟ್ಟಿ ಮುಟ್ಟುವ ಬಗೆಯಾದರೆ ನೋಡಿಯೇ ಮುಟ್ಟಬೇಕು, ಜೋರು ಮಳೆಯಲ್ಲಿ ಗಾಜು ಮಬ್ಬಾದ ಹೊತ್ತಿಗೆ ಅದು ಕಷ್ಟ. ಹೊಂಡಾ ಸಿಟಿಯಲ್ಲಿ ತಿರುಗಿಸುವ ಗುಂಡಿಯನ್ನೇ ಉಳಿಸಿದ್ದಾರೆ. ಸ್ಕೋಡಾ ಸ್ಲಾವಿಯಾ, ವರ್ಟಸ್‌ಗಳಲ್ಲಿ ಮುಟ್ಟುವ ಪಟ್ಟಿ ಬಂದಿದೆ. ಹೊಳೆಯುವ ಕಪ್ಪು ಪ್ಲಾಸ್ಟಿಕ್ ಮೊದಲ ತಿಂಗಳಿಗೇ ಗೀರು ತೋರಿಸುತ್ತದೆ. ಕೆನೆ ಬಣ್ಣದ ಸೀಟು ಕೆಂಪು ಮಣ್ಣಿನ ಊರಿಗೆ ಹೇಳಿಸಿದ್ದಲ್ಲ. ಹೊರಗಿನ ಬಣ್ಣದಲ್ಲಿ ಸಾದಾ ಬಿಳಿ ಬಣ್ಣ ತೆಗೆದುಕೊಂಡರೆ ಮುಂದೆ ಒಂದು ಬಾಗಿಲಿಗೆ ಮಾತ್ರ ಪೈಂಟ್ ಮಾಡಿಸುವಾಗ ಅನುಕೂಲ. ಮೂರು ಪದರದ ಮುತ್ತಿನ ಹೊಳಪಿನ ಬಣ್ಣವನ್ನು ಪಕ್ಕದ ಭಾಗಕ್ಕೆ ಹೊಂದಿಸುವುದು ಎಲ್ಲ ಪೈಂಟರಿಗೂ ಬರುವ ಕೆಲಸ ಅಲ್ಲ.

ಕಾರಿನ ಅಡಿ ನೋಡದೆ ಮುಗಿಸಬೇಡಿ

ಬದಿಯಡ್ಕ ಕಡೆಯ ಒಂದು ಗ್ಯಾರೇಜಿನಲ್ಲಿ ಹಳೆ ಸೆಡಾನೊಂದನ್ನು ಲಿಫ್ಟಿಗೆ ಏರಿಸಿದ್ದನ್ನು ನಿಂತು ನೋಡಿದ್ದೆ. ಮೇಲಿಂದ ಪಾಲಿಶ್ ಮಾಡಿ ಮಿಂಚುವ ಕಾರು. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲಿನ ಕೆಳಗಿನ ಪಟ್ಟಿಯ ಉದ್ದಕ್ಕೂ ಬಡಿಯುತ್ತ ಹೋದರು. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು ಮಂದವಾಯಿತು. ಅಲ್ಲಿದ್ದ ರಬ್ಬರ್ ಬುಚ್ಚು ಕಿತ್ತರು. ಒದ್ದೆ ಕೆಂಪು ಮಣ್ಣು ಮುದ್ದೆಯಾಗಿ ಕೆಳಗೆ ಬಿತ್ತು, ಹಿಂದೆಯೇ ತುಕ್ಕಿನ ಚಕ್ಕೆ. "ನೋಡಿ ಮಾಸ್ಟ್ರೇ, ಮಳೆ ನಿಂತು ಎಷ್ಟು ದಿನ ಆಯ್ತು, ಇಲ್ಲಿ ಇನ್ನೂ ಒಣಗ್ಲಿಲ್ಲ" ಅಂದರು.

ತುಕ್ಕು ಹಿಡಿಯುವುದು ಹೀಗೆ ನೀರು ನಿಲ್ಲುವ ಜಾಗದಲ್ಲಿ. ಬಾಗಿಲಿನ ಕೆಳ ಅಂಚಿನ ಸಣ್ಣ ರಂಧ್ರಗಳು ನೀರು ಹೋಗಲಿ ಅಂತಲೇ ಇರುವುದು. ಆಂಟಿರಸ್ಟ್ ಹೊಡೆಸುವಾಗ ಕೆಲಸದವರು ಅವನ್ನೇ ಮುಚ್ಚಿಬಿಟ್ಟರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಹಳೆ ಕಾರು ನೋಡುವಾಗ ಈ ರಂಧ್ರಗಳು, ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಅಡಿಯ ಗುಂಡಿ, ಚಕ್ರದ ಮೇಲಿನ ಕಮಾನಿನ ಒಳಬದಿ ಇಷ್ಟನ್ನು ಟಾರ್ಚ್ ಹಾಕಿ ನೋಡಿ. ಪೈಂಟ್ ಅಳೆಯುವ ಮೀಟರ್ ಇರುವವರನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು. ಕಂಪನಿಯ ಪೈಂಟ್ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಒಂದು ಭಾಗದಲ್ಲಿ ಮಾತ್ರ 250 ದಾಟಿದರೆ ಅಲ್ಲಿ ಮತ್ತೆ ಪೈಂಟ್ ಆಗಿದೆ ಅಂತ ಅರ್ಥ.

ಎಂಜಿನ್, ಗೇರ್‌ಬಾಕ್ಸ್ ಬಗ್ಗೆ ನನ್ನ ನಿಲುವು ಸರಳ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಟರ್ಬೊ ಇಲ್ಲದ 1.5 ಲೀಟರ್ ಪೆಟ್ರೋಲ್, ಮ್ಯಾನ್ಯುವಲ್ ಅಥವಾ ಸಿವಿಟಿ (ಗೇರಿನ ಹಂತಗಳಿಲ್ಲದ ಆಟೋಮ್ಯಾಟಿಕ್) ಸಾಕು. ಟರ್ಬೊ ಓಡಿಸಲು ಖುಷಿ, ಆದರೆ ಆಯಿಲ್ ಬದಲಿಸುವುದರಲ್ಲಿ ಉದಾಸೀನ ಮಾಡಿದರೆ ಕ್ಷಮಿಸುವುದಿಲ್ಲ. ಒಣ ಕ್ಲಚ್ ಇರುವ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ನಿಧಾನ ಟ್ರಾಫಿಕ್ಕಿನಲ್ಲಿ, ಏರಿನಲ್ಲಿ ತೆವಳುವಾಗ ಬಿಸಿಯಾಗುತ್ತದೆ. ವರ್ಟಸ್, ಸ್ಲಾವಿಯಾಗಳ 1.0 ಲೀಟರ್ ಎಂಜಿನ್ನಿಗೆ ಬರುವ, ಆಯಿಲ್ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಆ ಮಟ್ಟಿಗೆ ನೆಮ್ಮದಿ. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್‌ಗೆ ಬೆಲ್ಟ್ ಇದೆಯಾ, ಚೈನ್ ಇದೆಯಾ ಕೇಳಿ. ಬೆಲ್ಟ್ ಆದರೆ ಯಾವಾಗ ಬದಲಿಸಬೇಕು, ಎಷ್ಟಾಗುತ್ತದೆ ಅನ್ನುವುದನ್ನೂ ಬರೆಸಿಕೊಳ್ಳಿ. ಸರ್ವಿಸ್ ಸೆಂಟರ್ ಕಾಸರಗೋಡಿನಲ್ಲೇ ಇದೆಯಾ ಅಥವಾ ಪ್ರತಿ ಸಲ ಮಂಗಳೂರಿಗೆ ಹೋಗಬೇಕಾ ಅನ್ನುವುದು ಕಾರಿನ ಗುಣದಷ್ಟೇ ಮುಖ್ಯ.

ತೋಟದ ಮನೆಯವರಿಗೆ ಇಲಿ ಕಾಟ ಗೊತ್ತೇ ಇದೆ. ವಾರಗಟ್ಟಲೆ ನಿಂತ ಕಾರಿನ ಬಾನೆಟ್ ಒಳಗೆ ವೈರ್ ಕಡಿಯುತ್ತವೆ. ಅಡಿಕೆ, ತೆಂಗಿನಕಾಯಿ ರಾಶಿಯ ಪಕ್ಕ ನಿಲ್ಲಿಸಬೇಡಿ, ಎರಡು ದಿನಕ್ಕೊಮ್ಮೆಯಾದರೂ ಬಾನೆಟ್ ಎತ್ತಿ ನೋಡಿ.

ಸುರಕ್ಷತೆಯ ಮಾತು ಚಿಕ್ಕದು, ಯಾಕೆಂದರೆ ಇಲ್ಲಿ ತೂಗಿ ನೋಡುವ ಪ್ರಶ್ನೆಯೇ ಇಲ್ಲ. ಸ್ಲಾವಿಯಾ, ವರ್ಟಸ್, ವರ್ನಾ ಮೂರೂ 2023ರಲ್ಲಿ, ಕಾರನ್ನು ಢಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದವು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ದೇಶದ್ದೇ ಭಾರತ್ ಎನ್‌ಕ್ಯಾಪ್ ಶುರುವಾಯಿತು. ಹಣ ಉಳಿಸಲು ಸನ್‌ರೂಫ್ ಬಿಡಿ, ಅಲಾಯ್ ಬಿಡಿ, ಏರ್‌ಬ್ಯಾಗ್ ಮತ್ತು ಜಾರುವ ಕಾರನ್ನು ಹಿಡಿತಕ್ಕೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಬಿಡಬೇಡಿ.

ಹಣದ ಲೆಕ್ಕ, ಗಡಿಯ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಶೇಕಡಾ 18. ಅದಕ್ಕಿಂತ ಉದ್ದದ ಸೆಡಾನ್‌ಗಳಿಗೆ ಶೇಕಡಾ 40. ಡಿಸೈರ್, ಅಮೇಜ್‌ನಂಥ ಸಣ್ಣ ಸೆಡಾನ್‌ಗಳ ಡಿಕ್ಕಿ ಮೊಟಕಾಗಿ ಕಾಣುವುದಕ್ಕೆ ಈ ನಾಲ್ಕು ಮೀಟರ್ ಗೆರೆಯೇ ಕಾರಣ. ಮನೆಯಲ್ಲಿ ಇರುವುದು ಮೂರ್ನಾಲ್ಕು ಜನ, ಓಡಾಟ ಹೆಚ್ಚಾಗಿ ಹತ್ತಿರಕ್ಕೇ ಅಂತಾದರೆ, ಉದ್ದದ ಚಂದಕ್ಕೆ ಇಷ್ಟು ತೆರಿಗೆ ಕಟ್ಟಬೇಕಾ ಅಂತ ಒಮ್ಮೆ ಮನೆಯವರೆಲ್ಲ ಕೂತು ಮಾತಾಡಿ.

ಕೇರಳದಲ್ಲಿ ರಸ್ತೆ ತೆರಿಗೆಯ ಪ್ರಮಾಣ ಕಾರಿನ ಬೆಲೆಯ ಹಂತಕ್ಕೆ ತಕ್ಕಂತೆ ಏರುತ್ತದೆ. ಸನ್‌ರೂಫ್, ದೊಡ್ಡ ಚಕ್ರ ಇರುವ ಮೇಲಿನ ವೇರಿಯಂಟ್ ಒಂದು ಹಂತ ದಾಟಿಬಿಟ್ಟರೆ ಇಡೀ ಕಾರಿಗೆ ಹೆಚ್ಚಿನ ದರ ಬೀಳುತ್ತದೆ. ಹಾಗಾಗಿ ವೇರಿಯಂಟ್ ಹೋಲಿಸುವಾಗ ಶೋರೂಮ್ ಬೆಲೆ ಬೇಡ, ರಸ್ತೆಗಿಳಿಯುವಾಗಿನ ಪೂರ್ತಿ ಬೆಲೆ ಹೋಲಿಸಿ.

ಮಂಗಳೂರು, ಪುತ್ತೂರು ಕಡೆಯ ಹಳೆ ಕಾರು ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ. ಬೇರೆ ರಾಜ್ಯದ ನಂಬರಿನ ಕಾರನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಮಾಡಿಸಲೇಬೇಕು. ಅದಕ್ಕೆ ಕರ್ನಾಟಕದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ಆಕ್ಷೇಪವಿಲ್ಲ ಅನ್ನುವ ಪತ್ರ), ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಹಿಂದಿನವರ ಸಾಲ ತೀರಿದ್ದಕ್ಕೆ ಫಾರಂ 35 ಬೇಕು. ಇಲ್ಲಿಯ ತೆರಿಗೆಯೂ ಸೇರಿದ ಮೇಲೆ ಬರುವ ಮೊತ್ತವೇ ಆ ಕಾರಿನ ನಿಜವಾದ ಬೆಲೆ. ಕಾಗದ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. 2023ರ ಏಪ್ರಿಲಿಗಿಂತ ಹಿಂದಿನ ಕಾರಾದರೆ ಈಗ ಬಂಕಿನಲ್ಲಿ ಸಿಗುವ, ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಅದರ ರಬ್ಬರ್ ಪೈಪು, ಸೀಲುಗಳು ಹೊಂದುತ್ತವಾ ಅಂತ ಕಂಪನಿಯ ಕೈಪಿಡಿಯಲ್ಲಿ ನೋಡಿ.

ಇನ್ಶೂರೆನ್ಸ್ ಮಾಡಿಸುವಾಗ, ನೀರು ನುಗ್ಗಿ ಎಂಜಿನ್ ಕೆಟ್ಟರೆ ಹಣ ಸಿಗುವ ಎಂಜಿನ್ ಪ್ರೊಟೆಕ್ಟ್ ಸೇರಿಸಿ. ನೀರು ನಿಂತ ರಸ್ತೆಯಲ್ಲಿ ಕಾರು ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ಹೋದ ನೀರನ್ನು ಪಿಸ್ಟನ್ ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಸಾದಾ ಪಾಲಿಸಿಯಲ್ಲಿ ಆ ಹಣ ಸಿಗುವುದು ಕಷ್ಟ.

ಕಾರು ನಿಶ್ಚಯವಾದ ಮೇಲೆ, ನೋಂದಣಿಗೆ ಮೊದಲೇ ಯಾರ್ಡಿಗೆ ಹೋಗಿ ಹಗಲಿನ ಬೆಳಕಿನಲ್ಲಿ ನಿಮ್ಮ ಕಾರನ್ನೇ ನೋಡಿ. ಟೈರಿನ ಮೇಲೆ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ 3525 ಅಂತಿದ್ದರೆ ಅದು 2025ರ 35ನೇ ವಾರದ್ದು. ಸ್ಟೆಪ್ನಿ ಸೇರಿ ಐದನ್ನೂ ಓದಿ. ಬಾಗಿಲು, ಬಾನೆಟ್, ಡಿಕ್ಕಿಯ ಸಂದಿಗಳು ಎರಡೂ ಬದಿ ಒಂದೇ ಅಗಲ ಇದೆಯಾ ನೋಡಿ. ಅಂಗಡಿಯಲ್ಲಿ ಹಾಕಿಸುವ ಹೆಚ್ಚುವರಿ ದೀಪ, ಹಾರ್ನ್‌ಗಳಿಗೆ ವೈರ್ ಕತ್ತರಿಸಲು ಬಿಡಬೇಡಿ, ವಾರಂಟಿ ಹೋಗುತ್ತದೆ. ಮೊದಲ ಮಳೆಗಾಲ ಮುಗಿದ ಕೂಡಲೇ, ದಸರೆಯ ಹೊತ್ತಿಗೆ, ಲಿಫ್ಟ್ ಇರುವ ಕಡೆ ಹೋಗಿ ಅಡಿ ತೊಳೆಸಿ. ಸೋಪಿನ ನೊರೆ ಬೇಡ, ನೀರಿನ ಒತ್ತಡ ಸಾಕು. ಆಮೇಲೆ ಬಾಗಿಲಿನ ಕೆಳಗಿನ ರಂಧ್ರಗಳನ್ನು ಒಂದು ಪೊರಕೆ ಕಡ್ಡಿಯಿಂದ ಬಿಡಿಸಿ, ಕಾರನ್ನು ಅರ್ಧ ದಿನ ಬಿಸಿಲಿನಲ್ಲಿ ನಿಲ್ಲಿಸಿ ಮನೆಗೆ ತನ್ನಿ.